ಮೂಲನಿವಾಸಿಗಳ ಹಬ್ಬ ಮತ್ತು ನಮ್ಮ ಮಠದ ಗ್ರಂಥಾಲಯ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ತಿಂಗಳ ಗೋಷ್ಠಿಗೆ ಪೂಜ್ಯರು ‘ಗ್ರಂಥಾಲಯ ಮತ್ತು ಸಮಾಜ’ ಎಂಬ ವಿಷಯವನ್ನು ಕೊಟ್ಟಿದ್ದಾರೆ. ಗ್ರಂಥಾಲಯದ ಮಹತ್ವವನ್ನು ಕುರಿತು ನಾಲ್ಕು ಒಳ್ಳೆಯ ಮಾತು ಹೇಳಿ ಕೂರುವುದು ಸುಲಭ. ಆದರೆ ಶಿವಾನುಭವವೆಂದರೆ ನಮ್ಮನ್ನು ನಾವೇ ಕೇಳಿಕೊಳ್ಳುವ ಜಾಗ. ಆದ್ದರಿಂದ ನಾನು ಇಂದು ದೂರದ ಕೆನಡಾ ದೇಶದ ಗ್ರಂಥಾಲಯಗಳ ಒಂದು ಆಚರಣೆಯ ವಿಷಯ ಹೇಳುತ್ತೇನೆ. ಆ ಆಚರಣೆ ಅಲ್ಲಿ ಏಕೆ ಬಂತು, ಹೇಗೆ ನಡೆಯುತ್ತದೆ ಎಂಬುದನ್ನು ನೋಡಿದರೆ ನಮ್ಮ ಮಠಗಳ ವಾಚನಾಲಯ ಮತ್ತು ಪ್ರಸಾದ ನಿಲಯಗಳಿಗೆ ಸಂಬಂಧಪಟ್ಟ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ಟೊರಾಂಟೊ, ವ್ಯಾಂಕೂವರ್ ನಗರಗಳಲ್ಲಿ ಈಗ ನಮ್ಮ ಶರಣ ಕುಟುಂಬಗಳೂ ನೆಲೆಸಿವೆ. ಆ ನೆಲದಲ್ಲಿ ಬದುಕು ಕಟ್ಟಿಕೊಂಡವರು ಆ ನೆಲದ ಮೂಲಜನರನ್ನು ತಿಳಿಯಬೇಕಾದದ್ದು ಅವರ ಕರ್ತವ್ಯ, ಅವರ ಬಂಧುಗಳಾದ ನಮ್ಮದೂ ಕರ್ತವ್ಯ.

ಕೆನಡಾದಲ್ಲಿ ಜೂನ್ 21 ಮೂಲನಿವಾಸಿ ಜನರ ರಾಷ್ಟ್ರೀಯ ದಿನ. 1996ರಲ್ಲಿ ಅದನ್ನು ಘೋಷಿಸಲಾಯಿತು. ವರ್ಷದಲ್ಲಿ ಹಗಲು ಅತಿ ದೀರ್ಘವಾಗಿರುವ ಕಾಲವದು. ಅಲ್ಲಿನ ಎಷ್ಟೋ ಮೂಲಸಮುದಾಯಗಳು ತಲೆತಲಾಂತರದಿಂದ ಆ ದಿನಗಳಲ್ಲಿ ಒಟ್ಟುಗೂಡುತ್ತ ಬಂದಿವೆ. 2009ರಿಂದ ಜೂನ್ ತಿಂಗಳು ಪೂರ್ತಿ ಮೂಲನಿವಾಸಿಗಳ ಇತಿಹಾಸದ ತಿಂಗಳೆಂದು ಗುರುತಾಗಿದೆ. ಮೂಲನಿವಾಸಿಗಳೆಂದರೆ ಒಂದೇ ಜನವಲ್ಲ. ಫಸ್ಟ್ ನೇಷನ್ಸ್, ಇನ್ಯುಯಿಟ್, ಮೇಟಿ ಎಂಬ ಮೂರು ದೊಡ್ಡ ಗುಂಪುಗಳು, ಅವುಗಳ ಒಳಗೆ ನೂರಾರು ಸಮುದಾಯಗಳು, ಎಪ್ಪತ್ತಕ್ಕೂ ಹೆಚ್ಚು ಭಾಷೆಗಳು. 2021ರ ಜನಗಣತಿಯ ಪ್ರಕಾರ ಅವರು ಸುಮಾರು 18 ಲಕ್ಷ ಜನ, ಅಂದರೆ ದೇಶದ ನೂರು ಮಂದಿಯಲ್ಲಿ ಐವರು. ಅವರಲ್ಲಿ ತಮ್ಮ ಭಾಷೆಯಲ್ಲಿ ಮಾತುಕತೆ ನಡೆಸಬಲ್ಲವರು ಸುಮಾರು 2 ಲಕ್ಷ 37 ಸಾವಿರ ಮಾತ್ರ.

ಜೂನ್ ಬಂತೆಂದರೆ ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳು ಹಬ್ಬದ ಮನೆಯಂತಾಗುತ್ತವೆ. ಟೊರಾಂಟೊ ನಗರದ ಗ್ರಂಥಾಲಯಕ್ಕೆ ನೂರು ಶಾಖೆಗಳಿವೆ. ಒಂದು ಕಡೆ ಹಿರಿಯರು ಮಕ್ಕಳಿಗೆ ಕಥೆ ಹೇಳುತ್ತಾರೆ, ಇನ್ನೊಂದು ಕಡೆ ಚರ್ಮದ ಡೋಲು ಬಾರಿಸಿ ಹಾಡುತ್ತಾರೆ, ಮತ್ತೊಂದು ಕಡೆ ಮಣಿ ಪೋಣಿಸುವ ಕಸೂತಿ ಕಲಿಸುತ್ತಾರೆ. ಮೂಲನಿವಾಸಿ ಲೇಖಕರು ಬಂದು ಓದುಗರೊಂದಿಗೆ ಮಾತಾಡುತ್ತಾರೆ. ಚಲನಚಿತ್ರ ತೋರಿಸುತ್ತಾರೆ, ಭಾಷೆಯ ಮೊದಲ ಪಾಠ ಹೇಳಿಕೊಡುತ್ತಾರೆ. ಯಾರು ಬೇಕಾದರೂ ಹೋಗಬಹುದು, ಹಣ ಕೊಡಬೇಕಿಲ್ಲ. ಸ್ಪಡೈನಾ ರಸ್ತೆಯ ಶಾಖೆಯಲ್ಲಿ ಮೂಲನಿವಾಸಿಗಳ ಪುಸ್ತಕಗಳ ವಿಶೇಷ ಸಂಗ್ರಹವೇ ಇದೆ. ಆ ಜನರದೇ ಆದ ಸಮುದಾಯ ಕೇಂದ್ರವೊಂದು ಅದರ ಪಕ್ಕದಲ್ಲಿದೆ. ಸ್ಪಡೈನಾ ಎಂಬ ಹೆಸರೂ ಅವರ ಭಾಷೆಯದೇ. ಎತ್ತರದ ದಿಬ್ಬ ಎಂದು ಅದರ ಅರ್ಥ. ಟೊರಾಂಟೊ ಎಂಬುದೂ ಮೊಹಾಕ್ ಭಾಷೆಯಿಂದ ಬಂದದ್ದು. ನೀರಿನಲ್ಲಿ ಮರಗಳು ನಿಂತಿರುವ ಜಾಗ ಎಂದು ಅದನ್ನು ಬಿಡಿಸಿ ಹೇಳುತ್ತಾರೆ.

ಕಾರ್ಯಕ್ರಮ ಶುರುವಾಗುವ ಮುಂಚೆ ಅಲ್ಲಿ ಒಂದು ಮಾತು ಹೇಳುವ ರೂಢಿಯಿದೆ: ನಾವು ಕುಳಿತಿರುವ ಈ ನೆಲ ಇಂಥ ಜನರದು ಎಂದು. ಇದು ಬರಿಯ ಸೌಜನ್ಯದ ಮಾತಲ್ಲ. ಟೊರಾಂಟೊ ನಗರ ನಿಂತಿರುವ ನೆಲವನ್ನು ಬ್ರಿಟಿಷರು ಮಿಸಿಸಾಗ ಜನರಿಂದ 1787ರಲ್ಲಿ ಕೊಂಡೆವೆಂದರು. ಆ ಪತ್ರ ಸರಿಯಿಲ್ಲವೆಂದು 1805ರಲ್ಲಿ ಮತ್ತೆ ಬರೆಸಿಕೊಂಡರು. ಎರಡೂವರೆ ಲಕ್ಷ ಎಕರೆಗೆ ಆ ಪತ್ರದಲ್ಲಿ ತೋರಿಸಿದ ಬೆಲೆ ಹತ್ತು ಶಿಲಿಂಗ್. ಈ ಅನ್ಯಾಯದ ವ್ಯಾಜ್ಯ ಇತ್ಯರ್ಥವಾದದ್ದು 2010ರಲ್ಲಿ, 14 ಕೋಟಿ 50 ಲಕ್ಷ ಡಾಲರ್ ಪರಿಹಾರದೊಂದಿಗೆ. ಹೊಲದ ಬದುವಿನ ಒಂದು ಮೊಳ ಜಾಗಕ್ಕಾಗಿ ಮೂರು ತಲೆಮಾರು ಕೋರ್ಟಿಗೆ ಅಲೆದವರು ನಮ್ಮಲ್ಲಿದ್ದಾರೆ. ಎರಡು ನೂರು ವರ್ಷ ಕಾದವರ ನೋವು ಅವರಿಗೆ ಅರ್ಥವಾದೀತು.

ಶರಣ ಬಂಧುಗಳೇ, ಇಷ್ಟು ಮಾತ್ರ ಹೇಳಿದರೆ ಇದೊಂದು ಸೊಗಸಾದ ಸಾಂಸ್ಕೃತಿಕ ಮೇಳದ ವರದಿಯಾಗುತ್ತದೆ. ಈ ಹಬ್ಬ ಏಕೆ ಬೇಕಾಯಿತೆಂಬುದನ್ನು ಹೇಳದಿದ್ದರೆ ಅರ್ಧ ಸತ್ಯ ಹೇಳಿದಂತೆ.

1876ರಲ್ಲಿ ಕೆನಡಾ ಸರ್ಕಾರ ‘ಇಂಡಿಯನ್ ಕಾಯಿದೆ’ ಎಂಬುದನ್ನು ತಂದಿತು. ಆ ಜನರು ಯಾರು, ಎಲ್ಲಿರಬೇಕು, ಹೇಗೆ ಬದುಕಬೇಕು ಎಂಬುದನ್ನೆಲ್ಲ ಸರ್ಕಾರವೇ ನಿರ್ಧರಿಸುವ ಕಾಯಿದೆ ಅದು. 1884ರಲ್ಲಿ ಅದಕ್ಕೆ ಮಾಡಿದ ತಿದ್ದುಪಡಿಯಲ್ಲಿ ಪಶ್ಚಿಮ ಕರಾವಳಿಯ ಜನರ ‘ಪಾಟ್‌ಲ್ಯಾಚ್’ ಎಂಬ ಆಚರಣೆಯನ್ನು ಅಪರಾಧವೆಂದು ಸಾರಿದರು. ಪಾಟ್‌ಲ್ಯಾಚ್ ಎಂದರೇನು? ಮನೆತನದ ಮುಖ್ಯಸ್ಥ ಊರವರನ್ನೆಲ್ಲ ಕರೆದು, ಊಟವಿಕ್ಕಿ, ತಾನು ಕೂಡಿಸಿದ ಸಂಪತ್ತನ್ನು ಬಂದವರಿಗೆ ಹಂಚಿಬಿಡುವ ಸಮಾರಂಭ. ಕೂಡಿಟ್ಟವನಿಗಲ್ಲ, ಕೊಟ್ಟವನಿಗೆ ಅಲ್ಲಿ ಗೌರವ. ಇದನ್ನು ದಾಸೋಹವೆಂದೇ ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ದಾಸೋಹದಲ್ಲಿ ಕೊಡುವವನು ತಾನು ಕೊಟ್ಟೆನೆಂಬುದನ್ನು ಮರೆಯಬೇಕು. ಪಾಟ್‌ಲ್ಯಾಚಿನಲ್ಲಿ ಮನೆತನದ ಹೆಸರು, ಹಕ್ಕು, ಅಂತಸ್ತು ಎಲ್ಲರೆದುರು ಸ್ಥಾಪನೆಯಾಗಬೇಕು. ಆದರೂ ಸಂಪತ್ತು ಹಂಚಿಕೆಗಾಗಿಯೇ ಇರುವುದು ಎಂಬ ತಿಳಿವಿನಲ್ಲಿ ಎರಡೂ ಹತ್ತಿರದವು. ಹಂಚುವುದನ್ನೇ ಅಪರಾಧವೆಂದ ಕಾನೂನು ಅದು! 1921ರಲ್ಲಿ ಹೀಗೆ ಗುಟ್ಟಾಗಿ ಪಾಟ್‌ಲ್ಯಾಚ್ ನಡೆಸಿದವರನ್ನು ಹಿಡಿದು, ಕೆಲವರನ್ನು ಸೆರೆಮನೆಗೆ ಹಾಕಿ, ಅವರ ಮುಖವಾಡ, ತಾಮ್ರದ ಫಲಕಗಳನ್ನು ಕಿತ್ತುಕೊಂಡು ವಸ್ತುಸಂಗ್ರಹಾಲಯಗಳಿಗೆ ಸಾಗಿಸಿದರು. ನಿಷೇಧ ಹೋದದ್ದು 1951ರಲ್ಲಿ. ಆ ವಸ್ತುಗಳು ತಮ್ಮ ಮನೆಗೆ ಮರಳಲು ಇನ್ನೂ ಸುಮಾರು ಮೂರು ದಶಕ ಹಿಡಿಯಿತು. ಅವನ್ನಿಡಲೆಂದು ಅಲರ್ಟ್ ಬೇ ಎಂಬಲ್ಲಿ ಆ ಜನರು 1980ರಲ್ಲಿ ಉಮಿಸ್ಟ ಕೇಂದ್ರವನ್ನು ತೆರೆದರು.

ಇದಕ್ಕಿಂತ ಆಳವಾದ ಗಾಯ ಮಕ್ಕಳಿಗಾದದ್ದು. ಹತ್ತೊಂಬತ್ತನೆಯ ಶತಮಾನದಿಂದ 1990ರ ದಶಕದ ಕೊನೆಯವರೆಗೆ ಆ ದೇಶದಲ್ಲಿ ವಸತಿ ಶಾಲೆಗಳು ನಡೆದವು. ಹಣ ಸರ್ಕಾರದ್ದು, ಆಡಳಿತ ಚರ್ಚುಗಳದ್ದು. ಸುಮಾರು ಒಂದೂವರೆ ಲಕ್ಷ ಮೂಲನಿವಾಸಿ ಮಕ್ಕಳು ಅಲ್ಲಿ ಬೆಳೆದರು. ಎಷ್ಟೋ ಮಕ್ಕಳನ್ನು ತಾಯಿತಂದೆಯರ ಮಡಿಲಿಂದ ಬಲವಂತವಾಗಿ ಒಯ್ದರು. ಕೂದಲು ಕತ್ತರಿಸಿದರು, ಹೆಸರು ಬದಲಿಸಿದರು, ತಮ್ಮ ಭಾಷೆ ಆಡಿದರೆ ಶಿಕ್ಷಿಸಿದರು. ರೋಗ, ಹಸಿವು, ಹಿಂಸೆಗಳಿಂದ ಸತ್ತ ಮಕ್ಕಳಲ್ಲಿ 4,100ಕ್ಕೂ ಹೆಚ್ಚು ಮಂದಿಯ ಸಾವು ದಾಖಲಾಗಿದೆ. 2008ರ ಜೂನ್ 11ರಂದು ಆ ದೇಶದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಅದೇ ವರ್ಷ ಕೆಲಸ ಆರಂಭಿಸಿದ ‘ಸತ್ಯ ಮತ್ತು ಸಾಮರಸ್ಯ ಆಯೋಗ’ ಸಾವಿರಾರು ಜನರ ಹೇಳಿಕೆ ಕೇಳಿ, ನಡೆದದ್ದನ್ನು ಸಾಂಸ್ಕೃತಿಕ ನರಮೇಧವೆಂದು ಕರೆದು, 2015ರಲ್ಲಿ 94 ಕರೆಗಳನ್ನು ದೇಶದ ಮುಂದಿಟ್ಟಿತು. 2022ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಅವರೇ ಆ ನೆಲಕ್ಕೆ ಹೋಗಿ ಕ್ಷಮೆ ಕೇಳಿದರು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಆ ಶಾಲೆಗಳನ್ನು ನಡೆಸಿದವರೆಲ್ಲ ದುಷ್ಟರಾಗಿದ್ದರೆ? ಇಲ್ಲ. ದೇವರ ಕೆಲಸ ಮಾಡುತ್ತಿದ್ದೇವೆ, ಅಜ್ಞಾನದಲ್ಲಿರುವ ಮಕ್ಕಳಿಗೆ ಅಕ್ಷರ, ಅನ್ನ, ಧರ್ಮ ಕೊಡುತ್ತಿದ್ದೇವೆ ಎಂದು ನಂಬಿದ್ದವರು ಅವರಲ್ಲಿ ಬಹಳ ಜನ. ಧಾರ್ಮಿಕ ಸಂಸ್ಥೆಗಳನ್ನು ನಡೆಸುವ ನಮ್ಮಂಥವರು ಭಯಪಡಬೇಕಾದ ಸಂಗತಿ ಇದು. ಉದ್ದೇಶ ಒಳ್ಳೆಯದಿದ್ದ ಮಾತ್ರಕ್ಕೆ ಕೆಲಸ ಒಳ್ಳೆಯದಾಗುವುದಿಲ್ಲ.

ಈಗ ಗ್ರಂಥಾಲಯಕ್ಕೆ ಬರುತ್ತೇನೆ. ಚರ್ಚು, ಸರ್ಕಾರ ತಪ್ಪು ಮಾಡಿದವು, ಗ್ರಂಥಾಲಯವೇನು ಮಾಡಿತು ಎಂದು ನೀವು ಕೇಳಬಹುದು. ಗ್ರಂಥಾಲಯದ ಕಾಯಕ ಮಾಡಿದವರಿಗೆ ಡ್ಯೂಯಿ ಎಂಬ ಹೆಸರು ಗೊತ್ತು. ಪುಸ್ತಕಗಳಿಗೆ ಸಂಖ್ಯೆ ಕೊಟ್ಟು ವಿಷಯವಾರು ಜೋಡಿಸುವ ಪದ್ಧತಿಯನ್ನು ಮಾಡಿದವರು ಅವರು. ಆ ಪದ್ಧತಿ ಮೊದಲು ಅಚ್ಚಾದದ್ದು 1876ರಲ್ಲಿ, ಅಂದರೆ ಇಂಡಿಯನ್ ಕಾಯಿದೆ ಬಂದ ವರ್ಷವೇ. ಆ ಪದ್ಧತಿಯಲ್ಲಿ ಮೂಲನಿವಾಸಿಗಳ ಪುಸ್ತಕಗಳ ಬಹುಭಾಗ ಹೋಗಿ ಕೂರುವುದು ಉತ್ತರ ಅಮೆರಿಕದ ಇತಿಹಾಸದ ಕಪಾಟಿನಲ್ಲಿ, 970ರ ಸಂಖ್ಯೆಯಲ್ಲಿ. ಅವರ ಇಂದಿನ ಬದುಕು, ಕಾನೂನು, ಕಲೆ, ಶಿಕ್ಷಣ ಏನೇ ಇರಲಿ, ‘ಇತಿಹಾಸ’. ಜೀವಂತವಾಗಿರುವ ಜನರನ್ನು ಆಗಿಹೋದವರ ಸಾಲಿಗೆ ಸೇರಿಸಿದಂತಾಯಿತು. ಧರ್ಮದ ವಿಭಾಗ ನೋಡಿ: 220ರಿಂದ 280ರ ದಶಕದವರೆಗಿನ ಸಂಖ್ಯೆಗಳೆಲ್ಲ ಕ್ರೈಸ್ತ ಧರ್ಮಕ್ಕೆ. ಜಗತ್ತಿನ ಉಳಿದ ಎಲ್ಲ ಧರ್ಮಗಳೂ 290ರ ಒಂದೇ ಕೋಣೆಯಲ್ಲಿ ಒತ್ತಿಕೊಂಡು ಕೂರಬೇಕು. ಮೂಲನಿವಾಸಿಗಳ ನಂಬಿಕೆಗಳಿಗೆ ಆ ಕೋಣೆಯ ಕಡೆಯ ಮೂಲೆ. ಅವರು ಪವಿತ್ರವೆಂದು ಕಾಪಾಡಿಕೊಂಡ ಸೃಷ್ಟಿಯ ಕಥೆಗಳು ಜನಪದ ಕಥೆಗಳ ಸಾಲಿಗೆ, ಮಕ್ಕಳ ಅಡುಗೂಲಜ್ಜಿ ಕಥೆಗಳ ಪಕ್ಕಕ್ಕೆ. ವಿಷಯಸೂಚಿಯಲ್ಲಿ ಅವರ ಹೆಸರು ‘ಇಂಡಿಯನ್ನರು’. ಕೊಲಂಬಸ್ ದಾರಿತಪ್ಪಿ ಬಂದು ಕೊಟ್ಟ ಹೆಸರನ್ನು ಐನೂರು ವರ್ಷ ಅವರ ಹಣೆಗೆ ಅಂಟಿಸಿದ್ದಾರೆ.

ಈ ಕಷ್ಟ ನಮಗೆ ಹೊಸದಲ್ಲ. ನಮ್ಮ ವಚನ ಸಂಪುಟಗಳು ಒಂದು ಗ್ರಂಥಾಲಯದಲ್ಲಿ ಕನ್ನಡ ಕಾವ್ಯದ ಸಾಲಿನಲ್ಲಿರುತ್ತವೆ, ಇನ್ನೊಂದರಲ್ಲಿ ಶೈವ ಪಂಥಗಳ ಒಂದು ಕವಲೆಂದು ಕೂರುತ್ತವೆ. ನಾವು ಯಾರೆಂಬುದನ್ನು ನಾವೇ ಹೇಳಬೇಕು, ಬೇರೆಯವರು ಹಚ್ಚಿದ ಚೀಟಿ ನಮಗೆ ಬೇಡ ಎಂದು ದಶಕಗಳಿಂದ ಹೇಳುತ್ತ ಬಂದವರು ನಾವು. ಆದ್ದರಿಂದ ಆ ಜನರ ಮಾತು ನಮ್ಮ ಕಿವಿಗೆ ಬೇಗ ಬೀಳಬೇಕು.

ಬ್ರಯನ್ ಡೀರ್ ಎಂಬ ಮೊಹಾಕ್ ಗ್ರಂಥಪಾಲಕರು 1970ರ ದಶಕದಲ್ಲಿ ಇದಕ್ಕೊಂದು ಉತ್ತರ ಕಂಡುಕೊಂಡರು. ತಮ್ಮ ಜನರ ರಾಷ್ಟ್ರೀಯ ಸಂಘಟನೆಯ ಗ್ರಂಥಾಲಯದಲ್ಲಿ ಕೆಲಸ ಮಾಡುವಾಗ ಹಳೆಯ ಪದ್ಧತಿಯನ್ನು ಬದಿಗಿಟ್ಟು, ತಮ್ಮವರು ಲೋಕವನ್ನು ಕಾಣುವ ಬಗೆಗೆ ಹೊಂದುವಂತೆ ಪುಸ್ತಕಗಳನ್ನು ಜೋಡಿಸಿದರು. ನೆರೆಹೊರೆಯ ಸಮುದಾಯಗಳ ಪುಸ್ತಕಗಳು ಕಪಾಟಿನಲ್ಲೂ ನೆರೆಹೊರೆಯಾದವು. ವ್ಯಾಂಕೂವರಿನ ವಿಶ್ವವಿದ್ಯಾಲಯದಲ್ಲಿ ಮೂಲನಿವಾಸಿಗಳ ಅಧ್ಯಯನಕ್ಕೆ ಮೀಸಲಾದ ಗ್ರಂಥಾಲಯ ಆ ಪದ್ಧತಿಯನ್ನು ತನಗೆ ತಕ್ಕಂತೆ ಮಾಡಿಕೊಂಡು ಬಳಸುತ್ತಿದೆ. ಈಚೆಗೆ ಹಲವು ಸಾರ್ವಜನಿಕ ಗ್ರಂಥಾಲಯಗಳು ಹಳೆಯ ವಿಷಯಸೂಚಿಯ ಹೆಸರುಗಳನ್ನು ತಿದ್ದುತ್ತಿವೆ. ಡೋಲಿನ ಸದ್ದಿನಷ್ಟು ಇದು ಯಾರಿಗೂ ಕೇಳಿಸುವುದಿಲ್ಲ. ಆದರೆ ನಿಜವಾದ ಕೆಲಸ ನಡೆಯುವುದು ಇಲ್ಲಿ.

ಹಾಗಾದರೆ ಹಬ್ಬ ಮಾಡುವುದು ಸುಳ್ಳೇ? ಅಲ್ಲ. ಹಬ್ಬವನ್ನು ಹೇಗೆ ಮಾಡುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ಒಳ್ಳೆಯ ಗ್ರಂಥಾಲಯಗಳು ಪಾಲಿಸುವ ಮೂರು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು, ಹೇಳುವವರು ಯಾರು ಎಂಬುದು. ವ್ಯಾಂಕೂವರಿನ ಸಾರ್ವಜನಿಕ ಗ್ರಂಥಾಲಯ 2008ರಿಂದ ಮೂಲನಿವಾಸಿ ಕಥೆಗಾರರೊಬ್ಬರನ್ನು ಕೆಲವು ತಿಂಗಳ ಮಟ್ಟಿಗೆ ತನ್ನಲ್ಲಿ ನೇಮಿಸಿಕೊಳ್ಳುವ ಪದ್ಧತಿ ಇಟ್ಟುಕೊಂಡಿದೆ. ಅವರನ್ನು ಒಂದು ಸಂಜೆಗೆ ಕರೆದು ಶಾಲು ಹೊದಿಸಿ ಕಳಿಸುವುದಲ್ಲ. ಕಥೆ ಹೇಳುವುದನ್ನು ಒಂದು ಕಾಯಕವೆಂದು ಗುರುತಿಸಿ, ಸಂಬಳ ಕೊಟ್ಟು, ಜಾಗ ಕೊಟ್ಟು ಇಟ್ಟುಕೊಳ್ಳುವುದು. ಹಿರಿಯರೊಬ್ಬರ ಬಳಿ ತಿಳಿವು ಕೇಳಲು ಹೋಗುವಾಗ ಎಷ್ಟೋ ಸಮುದಾಯಗಳಲ್ಲಿ ತಂಬಾಕನ್ನು ಕೈಗಿತ್ತು ಕೇಳುವುದು ಕ್ರಮ. ವೀಳ್ಯ ಕೊಟ್ಟು ಕರೆಯುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗ್ರಂಥಾಲಯದವರೂ ಆ ಕ್ರಮ ಕಲಿತಿದ್ದಾರೆ.

ಎರಡನೆಯದು, ಏನನ್ನು ಹೇಳಬಾರದು ಎಂಬುದು. ಅನಿಶಿನಾಬೆ ಜನರಲ್ಲಿ ಪವಿತ್ರ ಕಥೆಗಳನ್ನು ಚಳಿಗಾಲದಲ್ಲಿ, ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳಬೇಕೆಂಬ ಕಟ್ಟುಪಾಡಿದೆ. ಹಬ್ಬವೋ ಜೂನ್ ತಿಂಗಳಲ್ಲಿ! ಅಂದಮೇಲೆ ಹಬ್ಬಕ್ಕಾಗಿ ಆ ಕಥೆ ಹೇಳಿ ಎಂದು ಒತ್ತಾಯಿಸುವಂತಿಲ್ಲ. ಕಂಡದ್ದನ್ನೆಲ್ಲ ಚಿತ್ರೀಕರಿಸುವಂತಿಲ್ಲ. ತಮ್ಮ ಬಗೆಗಿನ ಮಾಹಿತಿಯ ಒಡೆತನ, ನಿಯಂತ್ರಣ, ಬಳಕೆ, ಸಂಗ್ರಹ ಈ ನಾಲ್ಕೂ ತಮ್ಮ ಕೈಯಲ್ಲಿರಬೇಕೆಂದು ಫಸ್ಟ್ ನೇಷನ್ಸ್ ಜನರು 1998ರಲ್ಲಿಯೇ ಒಂದು ಸೂತ್ರ ಮಾಡಿಕೊಂಡಿದ್ದಾರೆ. ಎಲ್ಲ ತಿಳಿವೂ ಎಲ್ಲರಿಗೂ ತೆರೆದಿರಬೇಕು ಎನ್ನುವುದು ಗ್ರಂಥಾಲಯದ ಧರ್ಮ. ನೂರಾರು ವರ್ಷ ಕಸಿದುಕೊಂಡವರ ಮುಂದೆ ಆ ಧರ್ಮವನ್ನು ಹೇಳುವಾಗ ಸ್ವಲ್ಪ ತಾಳ್ಮೆ ಬೇಕು. ಅವರು ಕೊಟ್ಟಾಗ ತೆಗೆದುಕೊಳ್ಳಬೇಕು.

ಮೂರನೆಯದು, ಹಬ್ಬ ಮುಗಿದ ಮೇಲೆ ಏನು ಉಳಿಯುತ್ತದೆ ಎಂಬುದು. ಎಡ್ಮಂಟನ್ ನಗರದ ಮುಖ್ಯ ಗ್ರಂಥಾಲಯವನ್ನು ನವೀಕರಿಸಿ 2020ರಲ್ಲಿ ತೆರೆದಾಗ ಅದರೊಳಗೆ ಮೂಲನಿವಾಸಿಗಳ ಆಚರಣೆಗೆಂದೇ ಒಂದು ಕೋಣೆ ಕಟ್ಟಿದರು. ಕ್ರೀ ಭಾಷೆಯಲ್ಲಿ ಅದಕ್ಕೆ ‘ಗುಡುಗಿನ ಹಕ್ಕಿಯ ಮನೆ’ ಎಂಬರ್ಥದ ಹೆಸರಿಟ್ಟರು. ಪರಿಮಳದ ಸೊಪ್ಪು ಸುಟ್ಟು ಹೊಗೆ ಹಾಕಿ ಶುದ್ಧಿ ಮಾಡಿಕೊಳ್ಳುವುದು ಅವರ ಪದ್ಧತಿ. ಪುಸ್ತಕವಿರುವ ಕಟ್ಟಡದಲ್ಲಿ ಹೊಗೆಯೇ ಎಂದು ಯಾರೂ ಬೆಚ್ಚಬೇಕಾಗಿಲ್ಲ, ಆ ಹೊಗೆ ಹೊರಹೋಗಲು ಬೇಕಾದ ವ್ಯವಸ್ಥೆಯನ್ನು ಕಟ್ಟುವಾಗಲೇ ಮಾಡಿದರು. ಇದು ವರ್ಷಕ್ಕೊಮ್ಮೆ ಹಾಕಿ ತೆಗೆಯುವ ಚಪ್ಪರವಲ್ಲ, ಗೋಡೆಯ ಒಳಗೇ ಕೊಟ್ಟ ಜಾಗ.

ಇದೆಲ್ಲ ಹೇಳಿದೆನೆಂದು ಕೆನಡಾ ಕೈಲಾಸವಾಯಿತೆಂದು ತಿಳಿಯಬೇಡಿ. ಮೂಲನಿವಾಸಿಗಳೇ ಖಾರವಾಗಿ ಕೇಳುತ್ತಾರೆ: ಈ ನೆಲ ನಿಮ್ಮದೆಂದು ಪ್ರತಿ ಸಭೆಯಲ್ಲಿ ಹೇಳುತ್ತೀರಿ, ನೆಲ ಮರಳಿ ಕೊಡುವ ಮಾತು ಬಂದಾಗ ಏಕೆ ಸುಮ್ಮನಾಗುತ್ತೀರಿ? ಅವರ ಎಷ್ಟೋ ಊರುಗಳಲ್ಲಿ ಕುಡಿಯುವ ನೀರು ಕುದಿಸದೆ ಕುಡಿಯುವಂತಿಲ್ಲ. ಇಂಥ ದೀರ್ಘಕಾಲದ ಎಚ್ಚರಿಕೆಗಳನ್ನೆಲ್ಲ 2021ರ ಮಾರ್ಚ್ ಒಳಗೆ ಕೊನೆಗಾಣಿಸುತ್ತೇವೆಂದು ಸರ್ಕಾರ ಮಾತು ಕೊಟ್ಟಿತ್ತು, ಗಡುವು ದಾಟಿಹೋಯಿತು. ಹಬ್ಬ ನ್ಯಾಯಕ್ಕೆ ಬದಲಿಯಾಗಲಾರದು. ನ್ಯಾಯ ಕೇಳುವವರ ಧ್ವನಿಗೆ ಒಂದು ಜಗಲಿಯಾದರೆ ಅಷ್ಟರಮಟ್ಟಿಗೆ ಅದು ಸಾರ್ಥಕ.

ಇನ್ನು ನಮ್ಮ ಮನೆಯ ಮಾತು.

ನಮ್ಮದು ಸುಟ್ಟ ಗಾಯದಿಂದ ಎದ್ದುಬಂದ ಸಾಹಿತ್ಯ. ಕಲ್ಯಾಣದ ಕ್ರಾಂತಿಯ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ದಾರಿ ಹಿಡಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಮುಂದೆ ಶತಮಾನಗಳ ಕಾಲ ಆ ಓಲೆಗರಿಗಳು ಮಠದ ಗೂಡುಗಳಲ್ಲಿ, ಮನೆಯ ಜಗುಲಿಯ ಮೇಲೆ ಉಳಿದವು. ಎಷ್ಟೋ ಕಡೆ ಅವಕ್ಕೆ ವಿಭೂತಿ, ಹೂವು ಏರಿಸಿ ಪೂಜೆ ಮಾಡುತ್ತಿದ್ದರೇ ಹೊರತು ಬಿಚ್ಚಿ ಓದುತ್ತಿರಲಿಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆಗೆ ಅಲೆದು ಅವನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಅವರ ಜನ್ಮದಿನವಾದ ಜುಲೈ 2ನ್ನು ನಾವು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತೇವೆ. ನಮ್ಮ ಮಾತನ್ನು ನಾವೇ ಹುಡುಕಿ, ನಾವೇ ಅಚ್ಚು ಹಾಕಿ, ನಾವೇ ಲೋಕಕ್ಕೆ ಹೇಳಿದ್ದರಿಂದ ನಾವು ಇಂದು ತಲೆಯೆತ್ತಿ ನಿಂತಿದ್ದೇವೆ. ನಮ್ಮ ಪಾಲಿಗೆ ಸರಿಯಾದದ್ದು ಪಕ್ಕದ ಸಮುದಾಯದ ಪಾಲಿಗೂ ಸರಿಯೇ ಅಲ್ಲವೆ?

ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡಗಳ ಜನ 2011ರ ಜನಗಣತಿಯಂತೆ ಸುಮಾರು 42 ಲಕ್ಷ 50 ಸಾವಿರ. ಅವರಲ್ಲಿ ಜೇನುಕುರುಬರು ಮತ್ತು ಕೊರಗರನ್ನು ಅತ್ಯಂತ ದುರ್ಬಲ ಸಮುದಾಯಗಳೆಂದು ಸರ್ಕಾರವೇ ಗುರುತಿಸಿದೆ. ಸೋಲಿಗರು, ಸಿದ್ದಿಗಳು, ಹಕ್ಕಿಪಿಕ್ಕಿಗಳು ನಮ್ಮ ಮಠಗಳಿಂದ ಬಹಳ ದೂರದವರೇನೂ ಅಲ್ಲ. ಮಲೆಯ ಮಾದೇಶ್ವರನ ನೆನಪು ಮಾಡಿಕೊಳ್ಳಿ. ಆ ಬೆಟ್ಟದ ಮೇಲೆ ನಮ್ಮ ಪರಂಪರೆಯ ಸಾಲೂರು ಮಠವಿದೆ. ಕಂಸಾಳೆಯವರು ಹಾಡುವ ಮಾದೇಶ್ವರನ ಕಾವ್ಯದಲ್ಲಿ ಸೋಲಿಗರ ಸಂಕಮ್ಮನ ಕಥೆ ಇಲ್ಲದೆ ಹೋದರೆ ಕಾವ್ಯವೇ ಬಡವಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ರಕ್ಷಿತಾರಣ್ಯದೊಳಗೆ ತಮ್ಮ ಸಾಮುದಾಯಿಕ ಅರಣ್ಯ ಹಕ್ಕನ್ನು ಪಡೆದುಕೊಂಡು ದೇಶಕ್ಕೇ ಮೇಲ್ಪಂಕ್ತಿಯಾದರು. ಈ ಸಂಗತಿ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ನಮ್ಮ ಮಠದ ಕಪಾಟಿನಲ್ಲಿ ಒಬ್ಬ ಸೋಲಿಗ, ಒಬ್ಬ ಕೊರಗ, ಒಬ್ಬ ಸಿದ್ದಿ ತಾನೇ ಬರೆದ ಅಥವಾ ಹೇಳಿ ಬರೆಸಿದ ಪುಸ್ತಕ ಎಷ್ಟಿವೆ? ಅವರ ಬಗ್ಗೆ ಬೇರೆಯವರು ಬರೆದದ್ದನ್ನು ನಾನು ಕೇಳುತ್ತಿಲ್ಲ.

ಅನುಭವ ಮಂಟಪದ ಹೆಸರನ್ನು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಅಲ್ಲಿ ಬಿದಿರು ಹೆಣೆಯುವ ಮೇದಾರ ಕೇತಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಇದ್ದರೆಂದು ಹೆಮ್ಮೆಪಡುತ್ತೇವೆ. ಅವರು ಅಲ್ಲಿ ಸುಮ್ಮನೆ ಕೂತಿದ್ದರೆ? ತಮ್ಮ ಮಾತನ್ನು ತಾವೇ ಆಡಿದರು, ತಮ್ಮ ಕಾಯಕದ ಪದಗಳಲ್ಲೇ ಆಡಿದರು, ಬೇಕಾದಾಗ ಎದುರಿದ್ದವರನ್ನು ಗದರಿಸಿದರು. ಅವರ ಪರವಾಗಿ ಬಸವಣ್ಣನವರು ಬರೆದುಕೊಡಲಿಲ್ಲ. ನಮ್ಮ ಇಂದಿನ ಉತ್ಸವಗಳನ್ನು ನೋಡಿ. ಆದಿವಾಸಿ ಕಲಾತಂಡವನ್ನು ಕರೆಸುತ್ತೇವೆ. ಮೆರವಣಿಗೆಯ ಮುಂದೆ ಅವರು ಕುಣಿಯುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತೇವೆ, ಪ್ರಸಾದವಾದ ಮೇಲೆ ಕಳಿಸುತ್ತೇವೆ. ವೇದಿಕೆಯ ಮೇಲೆ ಮೈಕು ಹಿಡಿಯುವವರು ಮಾತ್ರ ನಾವೇ. ಕುಣಿತಕ್ಕೆ ಕರೆದವರನ್ನು ಮಾತಿಗೂ ಕರೆಯದಿದ್ದರೆ ಅನುಭವ ಮಂಟಪದ ಹೆಸರು ಹೇಳುವ ಹಕ್ಕು ನಮಗೆ ಎಲ್ಲಿಂದ ಬಂತು?

ಕೊನೆಯದಾಗಿ, ಹೇಳಲು ಸ್ವಲ್ಪ ಕಷ್ಟವಾದ ಮಾತು. ನಮ್ಮ ಮಠಗಳ ಪ್ರಸಾದ ನಿಲಯಗಳು ಈ ನಾಡಿಗೆ ಕೊಟ್ಟದ್ದು ಅಪಾರ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯವೆಂಬ ತ್ರಿವಿಧ ದಾಸೋಹದಿಂದ ಜಾತಿ ಮತ ನೋಡದೆ ಬಡಮಕ್ಕಳನ್ನು ಬೆಳೆಸಿದರು. ಅದನ್ನು ಕೆನಡಾದ ವಸತಿ ಶಾಲೆಗಳ ಜೊತೆ ತೂಗುವುದು ಅನ್ಯಾಯ. ಇಲ್ಲಿ ತಂದೆತಾಯಂದಿರು ತಾವಾಗಿಯೇ ಕರೆತಂದು ಬಿಟ್ಟರು, ಮಕ್ಕಳು ಹಬ್ಬಕ್ಕೆ ಊರಿಗೆ ಹೋಗಿ ಬಂದರು, ಓದಿ ತಮ್ಮವರ ನಡುವೆಯೇ ದೊಡ್ಡವರಾದರು. ಆದರೂ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕು. ಪೋಡಿನಿಂದ, ಹಾಡಿಯಿಂದ, ತಾಂಡಾದಿಂದ ಬಂದ ಮಗು ನಮ್ಮ ಬಾಗಿಲು ದಾಟುವಾಗ ತನ್ನ ಮನೆಯ ನುಡಿಯನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರಬೇಕಾಗಿದೆಯೆ? ಅದರ ಮಾತಿಗೆ ಗೆಳೆಯರು ನಕ್ಕಾಗ ನಾವೂ ನಗುತ್ತೇವೆಯೆ? ಅಜ್ಜಿ ಹೇಳಿದ ದೇವರ ಕಥೆಯನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತೇವೆಯೆ? ಮೌಢ್ಯವನ್ನು ವಿರೋಧಿಸುವುದು ನಮ್ಮ ಧರ್ಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಾಣಿಬಲಿಯನ್ನು ಬೇಡವೆನ್ನುವುದು ಬೇರೆ, ಒಂದು ಜನದ ಹಾಡು, ಕಾಡಿನ ತಿಳಿವು, ನುಡಿ ಎಲ್ಲವನ್ನೂ ಬೇಡವೆನ್ನುವುದು ಬೇರೆ. ಶರಣರು ಸಂಸ್ಕೃತ ಬಿಟ್ಟು ಜನರ ನುಡಿ ಹಿಡಿದದ್ದು ಯಾವ ಕಾರಣಕ್ಕೆ? ಆ ಕಾರಣ ಸೋಲಿಗ ನುಡಿಗೂ ಲಂಬಾಣಿ ನುಡಿಗೂ ಸಲ್ಲುತ್ತದೆ.

ಆದ್ದರಿಂದ ಪೂಜ್ಯರ ಮುಂದೆ, ಸಭೆಯ ಮುಂದೆ ನಾಲ್ಕು ಸಣ್ಣ ಸಲಹೆಗಳನ್ನಿಡುತ್ತೇನೆ. ಹೆಚ್ಚು ಹಣ ಬೇಡುವಂಥವಲ್ಲ.

ಒಂದು: ಆಗಸ್ಟ್ 9 ವಿಶ್ವಸಂಸ್ಥೆ 1994ರಲ್ಲಿ ಘೋಷಿಸಿದ ಮೂಲನಿವಾಸಿಗಳ ಅಂತರರಾಷ್ಟ್ರೀಯ ದಿನ. ಆ ದಿನ ಅಥವಾ ಆ ವಾರದ ಒಂದು ಸಂಜೆ ಮಠದ ವಾಚನಾಲಯದಲ್ಲಿ ನಮ್ಮ ಸುತ್ತಿನ ಆದಿವಾಸಿ ಹಿರಿಯರೊಬ್ಬರು ಮುಖ್ಯ ಉಪನ್ಯಾಸಕರಾಗಿ ಕೂರಲಿ. ವಿಷಯವನ್ನು ಅವರೇ ಆರಿಸಲಿ. ನಾವು ಕೇಳುವವರಾಗಿರೋಣ. ಬೇರೆ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಅವರಿಗೂ ಸಲ್ಲಲಿ.

ಎರಡು: ಹಾಡು, ಕಥೆ ಧ್ವನಿಮುದ್ರಿಸುವುದಾದರೆ ಮೊದಲು ಒಪ್ಪಿಗೆ ಕೇಳೋಣ. ಒಂದು ಪ್ರತಿ ಅವರ ಪೋಡಿಗೆ, ಅವರ ಶಾಲೆಗೆ ಮೊದಲು ತಲುಪಲಿ. ಬೇಡ ಎಂದರೆ ಬೇಡ.

ಮೂರು: ಪ್ರಸಾದ ನಿಲಯದಲ್ಲಿ ತಿಂಗಳಿಗೊಂದು ಸಂಜೆ ಮಕ್ಕಳು ತಮ್ಮ ತಮ್ಮ ಮನೆಯ ನುಡಿಯಲ್ಲಿ ಒಂದು ಕಥೆ, ಒಂದು ಹಾಡು, ಒಂದು ಗಿಡದ ಉಪಯೋಗ ಹೇಳಲಿ. ಉಳಿದ ಮಕ್ಕಳಿಗೆ ಅದನ್ನು ಅವರೇ ಕನ್ನಡದಲ್ಲಿ ಬಿಡಿಸಿ ಹೇಳಲಿ. ಆ ದಿನ ಆ ಮಗುವೇ ಗುರು.

ನಾಲ್ಕು: ಆ ಸಮುದಾಯಗಳವರೇ ಬರೆದ ಪುಸ್ತಕಗಳಿಗೆ ಒಂದು ಕಪಾಟು ಮೀಸಲಿಡೋಣ, ಆ ಕಪಾಟಿಗೆ ಏನು ಹೆಸರಿಡಬೇಕೆಂದು ಅವರನ್ನೇ ಕೇಳೋಣ. ನಮ್ಮ ನಾಡಿನಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರಗಳೆಂಬ ಹೆಸರು ಪಡೆದಿವೆ. ಮಠದಲ್ಲಿ ನಡೆದದ್ದು ಚೆನ್ನಾಗಿದ್ದರೆ ಪಂಚಾಯಿತಿಯ ಅರಿವು ಕೇಂದ್ರಕ್ಕೂ ಹಬ್ಬುತ್ತದೆ. ಅರಿವೇ ಗುರುವೆಂದು ನಂಬಿದವರು ನಾವು. ಅರಿವು ಒಂದೇ ದಿಕ್ಕಿನಿಂದ ಬರುತ್ತದೆಂದು ಯಾವ ಶರಣರೂ ಹೇಳಿಲ್ಲ.

ಈ ಸಭೆಯಲ್ಲಿ ಕುಳಿತಿರುವ ಮಕ್ಕಳಲ್ಲಿ ಬೆಟ್ಟದ ಪೋಡುಗಳಿಂದ ಬಂದವರೂ ಇದ್ದಾರೆ. ನನ್ನ ಮಾತು ಇಲ್ಲಿಗೆ ಮುಗಿಯಿತು. ಮುಂದಿನ ತಿಂಗಳ ಗೋಷ್ಠಿಯಲ್ಲಿ ಮೊದಲ ಹತ್ತು ನಿಮಿಷ ಅವರಿಗೆ ಸಲ್ಲಬೇಕೆಂದು ಪೂಜ್ಯರಲ್ಲಿ ಬಿನ್ನವಿಸಿಕೊಳ್ಳುತ್ತೇನೆ.